ಎರಡನೇ ಹಲ್ಲು

ಸೆಪ್ಟೆಂಬರ್ 2

ಇವತ್ತು ಮರಳು ನೋಡಿದೆ. ನಿನ್ನೆಯೂ ಮರಳನ್ನೇ ನೋಡಿದ್ದೆ.

ಸಾಹಿತ್ಯದಲ್ಲಿ ಎಂ.ಎ. ಮಾಡಿದವಳಿಗೆ ಪಳೆಯುಳಿಕೆಗಳ ಕೋಣೆಯಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಸಂದರ್ಶನದ ಕಥೆ ಹೇಳುತ್ತೇನೆ. ಅವತ್ತು ಈ ಕೋಣೆ ನಡೆಸುವ ಮೇಡಂ ಕಲ್ಲು, ಮೂಳೆಗಳ ಸುದ್ದಿಯನ್ನೇ ಎತ್ತಲಿಲ್ಲ. ಅಚ್ಚಾದ ಒಂದು ಪುಟ ಕೊಟ್ಟು ತಪ್ಪು ಹುಡುಕು ಎಂದರು. ಹುಡುಕಿ ಕೊಟ್ಟೆ. "ಪುಟ ಮುಗಿಯೋವರೆಗೂ ತಲೆ ಎತ್ತಲಿಲ್ಲ ನೀನು. ಸೋಮವಾರದಿಂದ ಬಾ" ಎಂದರು. ಅಷ್ಟೇ ನನ್ನ ಅರ್ಹತೆ.

ಊರಾಚೆಯ ಗುಡ್ಡದಿಂದ ತಂದ ಜೇಡಿಮಣ್ಣು ಗೋಣಿಚೀಲಗಳಲ್ಲಿ ತುಂಬಿ ಗೋಡೆಯುದ್ದಕ್ಕೂ ನಿಂತಿದೆ. ಅದನ್ನು ನೀರಲ್ಲಿ ನೆನೆಸಿ, ಜರಡಿ ಹಿಡಿದು, ಉಳಿದದ್ದನ್ನು ಒಣಗಿಸಿ, ಚಮಚದಷ್ಟನ್ನು ಕಪ್ಪು ತಟ್ಟೆಯಲ್ಲಿ ಹರಡಿ ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಆಮೇಲೆ ನಾಲ್ಕೈದು ಕೂದಲಿನ ಕುಂಚದಿಂದ ಒಂದೊಂದೇ ಕಣವನ್ನು ಪಕ್ಕಕ್ಕೆ ತಳ್ಳುತ್ತಾ ಹೋಗಬೇಕು. ಸಿಗಬೇಕಾದದ್ದು ಒಂದು ಹಲ್ಲು. ಗಸಗಸೆ ಕಾಳಿನಷ್ಟಿರುತ್ತದಂತೆ.

ಕಣಗಳು ಒಡೆದ ಬಳೆಚೂರಿನ ಹಾಗೆ, ಹರಳುಪ್ಪಿನ ಹಾಗೆ, ಯಾರದೋ ಅತ್ತು ಒಣಗಿದ ಕಣ್ಣಿನ ಹಾಗೆ ಹೊಳೆಯುತ್ತವೆ. ಇದರ ಮೇಲೆ ಒಂದು ಕವಿತೆ ಬರೆಯಬೇಕು. ಯಾವುದಾದರೂ ಕಾಲೇಜಿನಿಂದ ಕರೆ ಬಂದ ದಿನವೇ ಇಲ್ಲಿಂದ ಹೊರಡುವುದು ಖಂಡಿತ.

ಸೆಪ್ಟೆಂಬರ್ 5

ಕೋಣೆಯಲ್ಲಿ ನಾವು ಮೂವರು: ಮೇಡಂ, ನಾನು, ಜರಡಿ ಅಕ್ಕ. ಅವರಿಗೆ ಬೇರೆ ಹೆಸರಿದೆ. ಆದರೆ ಅದನ್ನು ಸಂಬಳದ ದಿನ ಮಾತ್ರ ಕರೆಯುತ್ತಾರಂತೆ. ಮೇಡಂ ಕೂಡ ಜರಡಿ ಅಕ್ಕ ಎಂದೇ ಅನ್ನುತ್ತಾರೆ. ಬೆಳಿಗ್ಗೆ ಟಬ್ಬಿನ ಮುಂದೆ ಕೂತು ಮಣ್ಣು ತೊಳೆಯುತ್ತಾರೆ, ಮಧ್ಯಾಹ್ನದ ಮೇಲೆ ನನ್ನ ಪಕ್ಕದ ಮೇಜಿನಲ್ಲಿ ಕಣ ಆರಿಸುತ್ತಾರೆ. ಬಾಯಿ ಎರಡೂ ಹೊತ್ತು ನಡೆದೇ ಇರುತ್ತದೆ.

ಕುಂಚದ ತುದಿ ಒದ್ದೆಯಾಗಿದ್ದರೆ ಮಾತ್ರ ಕಣ ಅಂಟಿಕೊಂಡು ಮೇಲೆ ಬರುತ್ತದೆ. ಅದಕ್ಕೆಂದೇ ಪ್ರತಿ ಮೇಜಿನ ಮೇಲೂ ನೀರಿನ ಬಟ್ಟಲಿದೆ. ಅಕ್ಕ ಅದನ್ನು ಮುಟ್ಟುವುದಿಲ್ಲ. ಕುಂಚವನ್ನು ತುಟಿಗೆ ತಾಗಿಸಿ, ನಾಲಗೆಯ ತುದಿಯಲ್ಲಿ ಚೂಪು ಮಾಡಿಕೊಳ್ಳುತ್ತಾರೆ. ಮೇಡಂ ಬೇಡ ಅನ್ನುತ್ತಾರೆ, ಅಕ್ಕ ಆಯ್ತು ಅನ್ನುತ್ತಾರೆ, ಮರುಕ್ಷಣ ಕುಂಚ ಮತ್ತೆ ಬಾಯಲ್ಲಿ. "ಬಟ್ಟಲಲ್ಲಿ ಅದ್ದಿದ್ರೆ ಕೂದಲು ಕೆದರುತ್ತೆ ಕಣೇ. ನಾಲಗೆ ಆದ್ರೆ ತಾನಾಗೇ ಬಾಚುತ್ತೆ" ಎಂದು ನನಗೂ ಕಲಿಸಿದರು. ಬೇಡ ಅನ್ನಲು ಸಂಕೋಚವಾಯಿತು. ಕಲಿತೆ.

ನನ್ನ ಕುರ್ಚಿ ತಗ್ಗು. ಇಡೀ ದಿನ ಕೊಕ್ಕರೆಯ ಹಾಗೆ ಕತ್ತು ಚಾಚಿ ಕೂರುತ್ತೇನೆ. ಮೇಡಂಗೆ ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ.

ಸೆಪ್ಟೆಂಬರ್ 9

ಕತ್ತು ನೋವು. ಮರಳು.

ಸೆಪ್ಟೆಂಬರ್ 14

ಭಾನುವಾರ. ಅಣ್ಣನ ಮನೆಯಲ್ಲಿ ರಜೆಯ ದಿನವೇ ನನಗೆ ಹೆಚ್ಚು ಆಯಾಸ. ನಡುಮನೆಯ ಸೋಫಾ ನನ್ನ ಹಾಸಿಗೆ. ಅವರು ಎದ್ದು ಬರುವ ಮೊದಲೇ ಹೊದಿಕೆ ಮಡಿಸಿ, ದಿಂಬು ಅಡಗಿಸಿ, ರಾತ್ರಿ ಇಲ್ಲಿ ಯಾರೂ ಮಲಗಿರಲೇ ಇಲ್ಲವೇನೋ ಎಂಬಂತೆ ಕೂತಿರಬೇಕು. ಅತ್ತಿಗೆ ಎಂದೂ ಗದರಿದವರಲ್ಲ. "ಇನ್ನೊಂದು ಸ್ವಲ್ಪ ಹಾಕಲಾ?" ಎಂದು ನೆಂಟರಿಗೆ ಬಡಿಸುವ ಹಾಗೆ ಬಡಿಸುತ್ತಾರೆ. ಗದರಿದ್ದರೆ ಮನೆಯವಳು ಅನ್ನಿಸುತ್ತಿತ್ತೋ ಏನೋ.

ಎರಡು ಕಾಲೇಜಿಗೆ ಅರ್ಜಿ ಹಾಕಿದೆ.

ಸೆಪ್ಟೆಂಬರ್ 24

ಇವತ್ತು ಮೇಡಂ ಗುಡ್ಡದ ಮಣ್ಣಿನಲ್ಲಿ ಸಿಕ್ಕ ಮೊದಲ ಹಲ್ಲನ್ನು ತೋರಿಸಿದರು. ಎಷ್ಟೋ ವರ್ಷದ ಹಿಂದೆ ಅವರೇ ಆರಿಸಿದ್ದು. ನಡುವೆ ಗುಳಿಯಿರುವ ಪುಟ್ಟ ಗಾಜಿನ ಪಟ್ಟಿಯಲ್ಲಿ ಇಟ್ಟಿದ್ದಾರೆ. ಬರಿಗಣ್ಣಿಗೆ ಕೊಳೆಯ ಚುಕ್ಕೆ.

ಡೈನೋಸಾರ್‌ಗಳು ಓಡಾಡುತ್ತಿದ್ದ ಕಾಲದಲ್ಲಿ ಅವುಗಳ ಕಾಲ ಸಂದಿಯಲ್ಲಿ ಇಲಿಗಿಂತ ಚಿಕ್ಕ ಪ್ರಾಣಿಗಳಿದ್ದವು, ಮರಿಗಳಿಗೆ ಹಾಲೂಡಿಸುತ್ತಿದ್ದವು. ಮೇಡಂ ಅವನ್ನು "ನಮ್ಮ ಕಡೆಯವರು" ಅನ್ನುತ್ತಾರೆ, ಮದುವೆಮನೆಯಲ್ಲಿ ಹೆಣ್ಣಿನ ಕಡೆಯವರು ಅಂದ ಹಾಗೆ. ಅವುಗಳ ಮೂಳೆ ಉಳಿಯುವುದು ಅಪರೂಪ. ಹಲ್ಲು ಉಳಿಯುತ್ತದೆ. ಮೊಸಳೆಯ ಹಲ್ಲೆಲ್ಲ ಒಂದೇ ಥರದ ಮೊಳೆ, ಹಿಡಿಯಲು ಮಾತ್ರ. ನಮ್ಮ ಕಡೆಯವರ ದವಡೆಹಲ್ಲಿನಲ್ಲಿ ಮುಂದೆ ಮೂರು ಮೊನೆಗಳ ತ್ರಿಕೋನ, ಹಿಂದೆ ಒಂದು ತಗ್ಗು. ಮೇಲಿನ ಹಲ್ಲಿನ ಮೊನೆ ಆ ತಗ್ಗಿಗೆ ಒರಳಿಗೆ ಒನಕೆ ಬಿದ್ದಂತೆ ಬೀಳುತ್ತದೆ. ಕತ್ತರಿಸುವುದೂ ಅರೆಯುವುದೂ ಒಂದೇ ಹಲ್ಲಿನಲ್ಲಿ. "ನಿನ್ನ ದವಡೆಯ ಮೇಲೆ ನಾಲಗೆ ಆಡಿಸು, ಗೊತ್ತಾಗುತ್ತೆ" ಎಂದರು. ಆಡಿಸಿದೆ. ಆ ತಗ್ಗು ಇನ್ನೂ ಇದೆ.

ಇಂಥದ್ದು ಆ ಗುಡ್ಡದಲ್ಲಿತ್ತು ಎಂದು ಮೇಡಂ ಬರೆದಾಗ ಯಾರೂ ಒಪ್ಪಲಿಲ್ಲವಂತೆ. ಒಂದೇ ಹಲ್ಲು, ಬೇರೆ ಕಡೆಯ ಮಣ್ಣು ತೊಳೆದ ಜರಡಿಯಲ್ಲಿ ಸಿಕ್ಕಿಕೊಂಡಿದ್ದು ಬಂದಿರಬಹುದು ಎಂದರಂತೆ. ಇನ್ನೊಂದು ಸಿಕ್ಕರೆ ಮಾತ್ರ ಆ ಮಾತು ನಿಲ್ಲುತ್ತದೆ. ನವೆಂಬರಿನಲ್ಲಿ ದೊಡ್ಡ ಪ್ರೊಫೆಸರ್ ಬರುತ್ತಾರೆ. ಅಷ್ಟರಲ್ಲಿ ಸಿಗದಿದ್ದರೆ ಈ ಕೋಣೆ ಬೇರೆಯವರಿಗೆ, ಚೀಲಗಳು ಹೊರಗಿನ ಹಳ್ಳ ತುಂಬಿಸಲು. ಮೇಡಂ ಇದನ್ನು ಹೇಳಿದ್ದು ಬಸ್ಸಿನ ವೇಳೆ ಹೇಳುವವರ ದನಿಯಲ್ಲಿ. ಆಮೇಲೆ ಗಾಜಿನ ಪಟ್ಟಿಯನ್ನು ಡಬ್ಬಿಯೊಳಗೆ ಇಡಲು ಬಹಳ ಹೊತ್ತು ತೆಗೆದುಕೊಂಡರು.

ಸೆಪ್ಟೆಂಬರ್ 30

ಮೀನಿನ ಹಲ್ಲು ಒಂದಿಷ್ಟು. ಬಸವನಹುಳುವಿನ ಚಿಪ್ಪು. ಮೊಸಳೆ ಹಲ್ಲಿನ ಚೂರು. ನಮ್ಮ ಕಡೆಯವರು ಯಾರೂ ಇಲ್ಲ.

ಅಕ್ಕ ಇವತ್ತು ಮಾತಾಡಲಿಲ್ಲ. ಹಾಗಾದಾಗಲೇ ನಮಗೆಲ್ಲ ಎಷ್ಟು ದಣಿವಾಗಿದೆ ಎಂದು ತಿಳಿದದ್ದು.

ಅಕ್ಟೋಬರ್ 8

ಕಣ್ಣು ಮುಚ್ಚಿದರೂ ಕಣಗಳು. ಅನ್ನದ ತಟ್ಟೆಯಲ್ಲಿ ಅಗುಳುಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸುತ್ತಿದ್ದೆನಂತೆ. "ಕಲ್ಲಿದೆಯಾ?" ಎಂದು ಅತ್ತಿಗೆ ಕೇಳಿದರು. ಪಾಪ, ಮುಖ ಸಣ್ಣದಾಗಿತ್ತು. ಇಲ್ಲ, ಅಭ್ಯಾಸ ಎಂದೆ. ಅವರಿಗೆ ಅರ್ಥವಾಗಲಿಲ್ಲ. ವಿವರಿಸುವ ಶಕ್ತಿ ನನಗಿರಲಿಲ್ಲ.

ಒಂದು ಕಾಲೇಜಿನಿಂದ ಪತ್ರ ಬಂದಿದೆ, ಟಿ.ವಿ. ಮೇಲೆ ಇಟ್ಟಿದ್ದಾರಂತೆ. ನೋಡಬೇಕು.

ಗುಡ್ಡದ ಮೇಲ್ಪದರದ ಚೀಲಗಳು ಮುಗಿದವು. ನಾಳೆಯಿಂದ ಗುಡ್ಡದಲ್ಲಿ ಕಾಣುವ ಕೆಂಪು ಮಣ್ಣಿನ ಗೆರೆಯ ಕೆಳಗಿನದು. ಅದರಲ್ಲಿ ಮೀನು ಕಡಿಮೆ, ಚಿಪ್ಪು ಹೆಚ್ಚಂತೆ. ನೀರು ನಿಂತ ಜಾಗವಿರಬೇಕು.

ಅಕ್ಟೋಬರ್ 16

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಊಟದ ನಂತರದ ಎರಡನೇ ತಟ್ಟೆ. ಬಲ ಮೂಲೆಯ ಚೌಕದಲ್ಲಿ ಕಂದು ಬಣ್ಣದ ಒಂದು ಕಣ ಕವುಚಿ ಬಿದ್ದಿತ್ತು. ಕುಂಚದಿಂದ ಅದನ್ನು ಮಗುಚಿದೆ. ಮೂರು ಮೊನೆ. ತ್ರಿಕೋನ. ಹಿಂದೆ ತಗ್ಗು.

ಇಂಥದ್ದು ಕಂಡರೆ ಕೂಗಬೇಕು, ಕೈ ಆಡಿಸಬಾರದು. ಇದು ಕೋಣೆಯ ನಿಯಮ. ಮೇಡಂ ಆಗ ಫೋನಿನಲ್ಲಿದ್ದರು. ಯಾರೋ ದೊಡ್ಡವರಿರಬೇಕು, ಎದ್ದು ನಿಂತು ಮಾತಾಡುತ್ತಿದ್ದರು. ನಡುವೆ ಕೂಗುವುದು ಹೇಗೆ? ಮುಗಿಯಲಿ ಎಂದು ಕಾದೆ. ಕಾಯುವಾಗ, ಅದು ಬೇರೆ ಕಣಗಳ ನಡುವೆ ಕಳೆದುಹೋದರೆ ಎಂಬ ಹೆದರಿಕೆಗೆ, ಎತ್ತಿ ಖಾಲಿ ಚೌಕಕ್ಕೆ ಇಡೋಣ ಎಂದುಕೊಂಡೆ. ಕುಂಚದ ತುದಿಗೆ ಅದು ಅಂಟಿತು. ಮೇಲೆ ಬಂತು. ಮೇಡಂ ಫೋನ್ ಇಟ್ಟ ಸದ್ದಾಯಿತು. ನಾನು ತಿರುಗಿದೆ. ತಿರುಗುತ್ತಲೇ ನನ್ನ ಕೈ, ದಿನಾ ಮಾಡುವುದನ್ನೇ ಮಾಡುತ್ತಾ, ಕುಂಚವನ್ನು ತುಟಿಗೆ ತಂದಿತು.

ನಾಲಗೆಯ ಮೇಲೆ ಒಂದು ಕಣ ತಾಗಿತು. ಬೆಚ್ಚಿದೆ. ಬೆಚ್ಚಿದ್ದಕ್ಕೆ ಉಗುಳು ನುಂಗಿದೆ.

ಅಕ್ಕ ನೋಡಿದರು. "ಏನಾಯ್ತೇ? ಮುಖ ಯಾಕೆ ಹಂಗಿದೆ?" ಬಾಯಿ ತೋರಿಸಿದೆ.

"ಹಲ್ಲಾ?" ಎಂದರು.

ಹೌದೆಂದು ತಲೆಯಾಡಿಸಿದೆ. ಅವರು ಕೈಚೀಲದಿಂದ ಲವಂಗ ಹುಡುಕಿ, ನೋವಿರುವ ಕಡೆ ಒತ್ತಿಟ್ಟುಕೋ ಎಂದು ಮುಂದೆ ಚಾಚಿದರು.

"ನಂದಲ್ಲ ಅಕ್ಕಾ" ಎಂದೆ. "ಅದು. ಎರಡನೇದು."

ಅಕ್ಕ ಲವಂಗವನ್ನು ತಮ್ಮ ಬಾಯಿಗೇ ಹಾಕಿಕೊಂಡು ಕೂತುಬಿಟ್ಟರು.

ಮೇಡಂ ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ಕುರ್ಚಿ ಎಳೆದು ಎದುರಿಗೆ ಕೂತು, ಏನು ನೋಡಿದೆ ಹೇಳು ಎಂದರು. ಮೊನೆಗಳು ಸಾಲಾಗಿದ್ದವಾ, ತ್ರಿಕೋನವಾ? ಹಿಂದಿನ ತಗ್ಗು ಎಷ್ಟು ಆಳ? ಅಂಚಿನಲ್ಲಿ ಗೆರೆ ಇತ್ತಾ? ಬೇರು? ಎಲ್ಲಕ್ಕೂ ಉತ್ತರ ಹೇಳಿದೆ. ಒಳಬದಿಯ ಮೊನೆ ಗಿಡ್ಡ, ಹೊರಬದಿಯದು ಎತ್ತರ, ತಗ್ಗಿನ ಒಂದು ಅಂಚು ಸವೆದಿದೆ, ಒಂದು ಬೇರು ಮುರಿದಿದೆ. ಮೇಡಂ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡರು. ಅಂಗೈಗಳ ಒಳಗಿನಿಂದಲೇ ಮಾತು ಬಂತು: "ಹಲ್ಲಿನ ಎನಾಮಲ್ ಗಟ್ಟಿ. ಪೂರ್ತಿ ಕರಗಲ್ಲ."

ನನಗೆ ಅರ್ಥವಾಗಲಿಲ್ಲ. ಅಕ್ಕನಿಗೆ ಆಯಿತು. ಎದ್ದು ಹೋಗಿ, ಕಪಾಟಿನಿಂದ ಇನ್ನೂ ಯಾರೂ ಬಳಸದ ಒಂದು ಜರಡಿ ತಂದು, ಕಾಗದದಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟರು. "ಮಣ್ಣಿಗೆ ಹೇಗೋ ಹಾಗೇ" ಎಂದರು. "ನೀರು ಜಾಸ್ತಿ ಹಾಕು. ಉಜ್ಜಬೇಡ."

ಅಕ್ಟೋಬರ್ 17

ನಿನ್ನೆ ಬಸ್ಸಿನಲ್ಲಿ ಆ ಜರಡಿಯನ್ನು ಮಗುವಿನಂತೆ ಎದೆಗವುಚಿಕೊಂಡು ಬಂದಿದ್ದೆ. ಬಾಗಿಲಲ್ಲೇ ಅತ್ತಿಗೆ, ಹಿಟ್ಟಿನ ಜರಡಿ ಮನೆಯಲ್ಲಿತ್ತಲ್ಲ, ಯಾಕೆ ತಂದೆ ಎಂದರು. ಸುಳ್ಳು ಹೇಳಬಹುದಿತ್ತು. ಆದರೆ ಮನೆಗೆ ಇರುವುದು ಒಂದೇ ಬಚ್ಚಲು. ಮೂರು ದಿನ ಅದರಲ್ಲಿ ಬಕೆಟ್ಟು, ಜರಡಿ, ತಟ್ಟೆ ಇಟ್ಟುಕೊಂಡು ಬಾಗಿಲು ಹಾಕಿಕೊಳ್ಳುವವಳು ಎಂಥ ಸುಳ್ಳು ಹೇಳಿದರೆ ಸಾಕಾದೀತು?

ಅಡುಗೆಮನೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ನಮ್ಮ ಕಡೆಯವರು, ಒರಳು, ಒನಕೆ, ಕುಂಚ, ಎಲ್ಲ. ಈ ಮನೆಯಲ್ಲಿ ನಾನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲಿರಬೇಕು. ಅತ್ತಿಗೆ ಕೇಳುತ್ತಾ ಕೇಳುತ್ತಾ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. ನಕ್ಕು ನಕ್ಕು ಕೊನೆಗೆ ಸಿಂಕಿನ ಅಂಚು ಹಿಡಿದುಕೊಂಡು ನಿಂತರು. "ಎಷ್ಟು ಕೋಟಿ ವರ್ಷ ಅಂದೆ?" ಎಂದು ಕೇಳಿದರು. ಹೇಳಿದೆ. ಮತ್ತೆ ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡು, ಬಾಳೆಹಣ್ಣಿನ ಗೊನೆಯಿಂದ ನಾಲ್ಕು ಕಿತ್ತು ಮುಂದಿಟ್ಟು, "ತಿನ್ನು. ಪೂರ್ತಿ ತಿನ್ನು" ಎಂದರು. ಗದರಿದ ದನಿ.

ಅಕ್ಟೋಬರ್ 18

ಇಲ್ಲ.

ಅಣ್ಣ ಎರಡು ಸಲ ಬಾಗಿಲು ತಟ್ಟಿದ. ಎಷ್ಟು ಹೊತ್ತು ಅಂತ ಕೂಗಿದ. ಹೊರಗಿನಿಂದ ಅತ್ತಿಗೆಯ ದನಿ: "ಪಕ್ಕದ ಮನೆಗೆ ಹೋಗಿ ಬನ್ನಿ. ಅವಳು ಕೆಲಸದಲ್ಲಿದ್ದಾಳೆ." ಅಣ್ಣ ಏನು ಕೆಲಸ ಎಂದ. ಅತ್ತಿಗೆ ಹೇಳಲಿಲ್ಲ. ನಾನು ಹೇಳಿದೆ, ಒಳಗಿನಿಂದಲೇ, ಗಟ್ಟಿಯಾಗಿ. ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೋದದ್ದು ಕೇಳಿಸಿತು.

ವಾಸನೆಗೆ ಒಗ್ಗಿಕೊಳ್ಳಬಹುದು. ಬೆನ್ನು ಮಾತ್ರ ಬಿದ್ದುಹೋಗಿದೆ.

ಅಕ್ಟೋಬರ್ 19

ಇಲ್ಲ. ಭೂತಗನ್ನಡಿಯಲ್ಲಿ ಕಂಡದ್ದು ಬೀಜ, ಸಿಪ್ಪೆ, ನಾರು. ಪಾರದರ್ಶಕವಾದದ್ದೊಂದು ಟೊಮೆಟೊ ಸಿಪ್ಪೆ.

ಮೇಡಂಗೆ ಫೋನ್ ಮಾಡಿ ಇಲ್ಲ ಎಂದೆ. ಫೋನ್ ಮಾಡಲು ಧೈರ್ಯ ಕೂಡಿಸಿಕೊಳ್ಳಬೇಕೆಂಬುದೂ ನೆನಪಾಗದಷ್ಟು ಸುಸ್ತು. ಅವರು "ಸರಿ, ಮಲಗು" ಎಂದರು.

ಅಕ್ಟೋಬರ್ 20

ಸಿಕ್ಕಿತು.

ಬೆಳಿಗ್ಗೆ ಒಣಗಿದ್ದನ್ನು ಡಬ್ಬಿಯಲ್ಲಿ ತುಂಬಿ ಕೋಣೆಗೆ ಒಯ್ದೆ. ಅಕ್ಕ, ಕೊಡು ನಾನು ನೋಡುತ್ತೇನೆ ಎಂದರು. ಬೇಡ, ನಂದು ನಾನೇ ನೋಡುತ್ತೇನೆ ಎಂದೆ. ಮೊದಲ ತಟ್ಟೆಯ ನಡುವೆಯೇ ಇತ್ತು. ಕೂಗಿದೆ. ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಕಚೇರಿಯವರು ಬಾಗಿಲಲ್ಲಿ ಬಂದು ನಿಂತರು.

ಮೇಡಂ ನೋಡಿ ಮುಗಿಸುವವರೆಗೆ ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡಿದ್ದರು, ಪ್ರೀತಿಯಿಂದಲೋ ಮುನ್ನೆಚ್ಚರಿಕೆಯಿಂದಲೋ ತಿಳಿಯದು.

ಅದೇ ಹಲ್ಲು. ಆದರೆ ಹೊಳಪು ಹೋಗಿದೆ. ಮೊನೆಗಳ ಮೇಲೆ ಸಣ್ಣ ಸಣ್ಣ ಗುಳಿ ಬಿದ್ದಿವೆ, ಮುರಿದ ಬೇರು ಇನ್ನಷ್ಟು ಕರಗಿದೆ. ನನ್ನ ಹೊಟ್ಟೆ ಮಾಡಿದ್ದು. ಹೊಳಪಿದ್ದಾಗ ಅದನ್ನು ನೋಡಿದವಳು ನಾನೊಬ್ಬಳೇ.

ಅಕ್ಟೋಬರ್ 29

ಕುರ್ಚಿ ಬದಲಾಯಿಸಿಕೊಂಡೆ. ಕೆಂಪು ಗೆರೆಯ ಕೆಳಗಿನ ಇನ್ನೂ ಮೂರು ಚೀಲ ತೊಳೆದಾಯಿತು. ಮೂರನೆಯದು ಸಿಕ್ಕಿಲ್ಲ. ಈ ಪದರದ ಚಿಪ್ಪುಗಳೆಲ್ಲ ಬಲಕ್ಕೇ ಸುತ್ತಿಕೊಂಡಿವೆ. ಮೇಡಂಗೆ ತೋರಿಸಿದೆ, ಅವರೂ ಗಮನಿಸಿದ್ದಾರಂತೆ.

ನವೆಂಬರ್ 11

ದೊಡ್ಡ ಪ್ರೊಫೆಸರ್ ಬಂದಿದ್ದರು. ಹತ್ತಿಯಂಥ ತಲೆ, ಮೃದು ಮಾತು. ಯಾವುದನ್ನೂ ಬೇಗ ನಂಬದವರು ಎಂದು ಹೆಸರಾದವರು. ಮೊದಲ ಹಲ್ಲನ್ನು ಒಪ್ಪದೆ ಬರೆದದ್ದೂ ಅವರೇ.

ಎರಡು ಹಲ್ಲುಗಳನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ತ್ರಿಕೋನ ಒಂದೇ, ತಗ್ಗು ಒಂದೇ ಎಂದರು. ಮೇಡಂ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಪ್ರೊಫೆಸರ್ ಕಣ್ಣನ್ನು ಮತ್ತೆ ಸೂಕ್ಷ್ಮದರ್ಶಕದ ಕೊಳವೆಗೆ ಇಟ್ಟರು, ಬೇಗ ತೆಗೆಯಲಿಲ್ಲ. ಈ ಗುಳಿಗಳನ್ನು ನೋಡಿದಿರಾ ಎಂದರು. ಇದು ನೀರಿನ ಸವೆತವಲ್ಲ, ಗಿಡದ ಬೇರಿನ ಹುಳಿಯೂ ಅಲ್ಲ. ಇದು ಹೊಟ್ಟೆಯ ಹುಳಿ. ಈ ಪ್ರಾಣಿಯನ್ನು ಯಾವುದೋ ತಿಂದಿದೆ.

ಎದ್ದು ಓಡಾಡತೊಡಗಿದರು. ಆ ವಯಸ್ಸಿನಲ್ಲಿ ಅಷ್ಟು ಉತ್ಸಾಹ ಕಂಡು ಬೇರೆ ಹೊತ್ತಾಗಿದ್ದರೆ ಖುಷಿಯಾಗುತ್ತಿತ್ತು. ಮರಿಮೊಸಳೆ ಇರಬಹುದೇ? ಅದಾದರೆ ಎನಾಮಲ್ ಉಳಿಯುತ್ತಿರಲಿಲ್ಲ. ಹಕ್ಕಿಯೇ? ಹಕ್ಕಿಯಂಥ ಡೈನೋಸಾರೇ? ಒಂದು ಹಲ್ಲಿನಲ್ಲಿ ಎರಡು ಪ್ರಾಣಿಗಳ ಕಥೆ ಎಂದರು. ಇದಕ್ಕೆ ಮೂರು ವರ್ಷವಾದರೂ ಬೇಕು, ಈ ಕೋಣೆ ಸಾಲದು, ಪಕ್ಕದ್ದನ್ನೂ ಕೇಳೋಣ, ಮೇಲಿನವರಿಗೆ ತಾವೇ ಬರೆಯುವುದಾಗಿ ಹೇಳಿದರು.

ಮೇಡಂ ಬಾಯಿ ತೆರೆದರು, ಮುಚ್ಚಿದರು. ಹಲ್ಲು ನೋಡುವ ಮೊದಲೇ ಪ್ರೊಫೆಸರಿಗೆ ಎಲ್ಲ ಹೇಳಿಬಿಡಬೇಕು ಎಂದು ಬೆಳಿಗ್ಗೆಯಿಂದ ಅನ್ನುತ್ತಿದ್ದವರು ಅವರೇ. ಈಗ ಗೋಡೆಯುದ್ದದ ಚೀಲಗಳನ್ನು ನೋಡುತ್ತಿದ್ದರು. ಇಷ್ಟು ವರ್ಷ ಒಂದೇ ಹಲ್ಲು ಹಿಡಿದುಕೊಂಡು ನಿಂತವರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಕ್ಕ ಟಬ್ಬಿನ ನೀರನ್ನು ಸುಮ್ಮನೆ ಕಲಕುತ್ತಿದ್ದರು. ಅದರಲ್ಲಿ ಮಣ್ಣೇ ಇರಲಿಲ್ಲ.

ನಿಜ ಹೇಳಿದರೆ ಈ ಹಲ್ಲೂ ಹೋಗಬಹುದು. ತಟ್ಟೆಯಿಂದ ಆಚೆ ಹೋಗಿ, ಯಾರದೋ ಮನೆಯ ಬಚ್ಚಲಿನಿಂದ ಬಂದದ್ದನ್ನು ಯಾರು ಒಪ್ಪುತ್ತಾರೆ?

"ಸರ್" ಎಂದು ಯಾರೋ ಅಂದರು. ನಾನೇ.

ಅವರು ತಿರುಗಿದರು.

"ತಿಂದಿದ್ದು ನಾನು ಸರ್."

ಅವರಿಗೆ ಕೇಳಿಸಿತು, ತಲೆಗೆ ಹೋಗಲಿಲ್ಲ. ಏನೋ ಯೋಚಿಸುತ್ತಲೇ, "ಯಾವಾಗ?" ಎಂದರು.

"ಹೋದ ತಿಂಗಳು ಹದಿನಾರನೇ ತಾರೀಖು. ಊಟ ಆದ್ಮೇಲೆ."

ಪ್ರೊಫೆಸರ್ ಕನ್ನಡಕ ತೆಗೆದು, ಕುರ್ಚಿಯನ್ನು ಕೈಯಲ್ಲಿ ಹುಡುಕಿ ಕೂತರು. ಆಮೇಲೆ ಪ್ರಶ್ನೆಗಳು. ಜರಡಿ ಹಳೆಯದೋ ಹೊಸದೋ? ಅದರಲ್ಲಿ ಬೇರೆ ಮಣ್ಣು ಎಂದಾದರೂ ತೊಳೆದದ್ದುಂಟೇ? ಬಕೆಟ್ಟು ಯಾವುದು? ನೀರು ಎಲ್ಲಿಯದು? ಎಷ್ಟನೆಯ ದಿನ? ಜೊತೆಗೆ ಇನ್ನೇನೇನು ಸಿಕ್ಕಿತು? ಎಲ್ಲ ಹೇಳಿದೆ, ಟೊಮೆಟೊ ಸಿಪ್ಪೆಯನ್ನೂ ಬಿಡದೆ. ಮೇಡಂ ಕಿವಿ ಕೆಂಪಾಗಿತ್ತು. ನನಗೆ ಮಾತ್ರ, ಆಗ, ಉತ್ತರ ಸರಿಯಾಗಿರಬೇಕು ಎನ್ನುವುದೊಂದೇ ಇತ್ತು. ನುಂಗುವ ಮೊದಲು ಹೇಗಿತ್ತು ಎಂದು ಕೇಳಿದರು. ಹೇಳಿದೆ. ಮೇಡಂ ಅಂದೇ ನನ್ನ ಮಾತು ಕೇಳಿ ಬಿಡಿಸಿದ್ದ ಚಿತ್ರವನ್ನು ತಂದು ಮುಂದಿಟ್ಟರು.

ಪ್ರೊಫೆಸರ್ ಚಿತ್ರ ನೋಡಿದರು, ಹಲ್ಲು ನೋಡಿದರು, ನನ್ನನ್ನು ನೋಡಿದರು.

"ಇಷ್ಟು ಮರ್ಯಾದೆ ಬಿಟ್ಟು ಯಾರೂ ಸುಳ್ಳು ಹೇಳಲ್ಲ" ಎಂದರು.

ಮೂರು ವರ್ಷದ ಮಾತು ಮತ್ತೆ ಬರಲಿಲ್ಲ. ಪಕ್ಕದ ಕೋಣೆಯದೂ ಇಲ್ಲ. ಒಂದು ವರ್ಷ ಎಂದರು. ಇರುವ ಚೀಲಗಳನ್ನೆಲ್ಲ ತೊಳೆದು ಮುಗಿಸಿ, ಆಮೇಲೆ ನೋಡೋಣ. ಹೋಗುವಾಗ ಬಾಗಿಲ ಬಳಿ ನಿಂತು, ಆ ಗುಳಿಗಳ ಫೋಟೋ ಮಾತ್ರ ತಮಗೆ ಬೇಕು ಎಂದರು. ಯಾರು ತಿಂದದ್ದು, ಎಷ್ಟು ದಿನ ಒಳಗಿತ್ತು ಎಂದು ಗೊತ್ತಿರುವ ಹಲ್ಲು ತಮ್ಮ ಬಳಿ ಒಂದೂ ಇಲ್ಲವಂತೆ.

ಅವರು ಹೋದ ಮೇಲೆ ಅಕ್ಕ ಟಬ್ಬಿನ ನೀರು ಚೆಲ್ಲಿದರು. "ನೀನು ಹೇಳದಿದ್ರೆ ನಾನೇ ಹೇಳ್ತಿದ್ದೆ" ಎಂದರು ಮೇಡಂ. ಗೊತ್ತು ಎಂದೆ. ಹೇಳುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ ಅನ್ನಿಸುತ್ತದೆ.

ನವೆಂಬರ್ 12

ತಲೆನೋವು. ಹತ್ತು ಗಂಟೆಯವರೆಗೆ ಸೋಫಾದಲ್ಲೇ ಮಲಗಿದ್ದೆ, ಯಾರೂ ಏಳಿಸಲಿಲ್ಲ. ಎದ್ದಾಗ ಅಣ್ಣ ನನ್ನ ಕಾಲ ಬಳಿ ಕೂತು ಪೇಪರ್ ಓದುತ್ತಿದ್ದ.

ನವೆಂಬರ್ 25

ಲೇಖನದ ಕರಡು ಮುಗಿದಿದೆ. ಒಂದು ವಾಕ್ಯ ಮಾತ್ರ ಬಾಕಿ ಇತ್ತು, ಗುಳಿಗಳ ಬಗ್ಗೆ. ಮೇಡಂ ಅದನ್ನು ನನಗೆ ಬಿಟ್ಟರು. "ನೀನೇ ಬರಿ. ನಿನ್ನ ವಿಷಯ."

ಇಡೀ ಮಧ್ಯಾಹ್ನ ಹಿಡಿಯಿತು. ಮೊದಲನೆಯದು ಉದ್ದವಾಯಿತು. ಎರಡನೆಯದರಲ್ಲಿ ಕಾರಣ ಕೊಡುತ್ತಾ ಹೋಗಿದ್ದೆ, ಹೊಡೆದು ಹಾಕಿದೆ. ಅಕ್ಕ ಇಣುಕಿ ನೋಡಿ, "ಬಾಳೆಹಣ್ಣಿನ ವಿಷಯ ಹಾಕಿದ್ಯಾ?" ಎಂದರು. ಹಾಕಲಿಲ್ಲ. ಕೊನೆಗೆ ಉಳಿದದ್ದು ಇಷ್ಟು:

'ದುರದೃಷ್ಟವಶಾತ್, ಎರಡನೇ ಹಲ್ಲಿನ ಮೇಲಿನ ಗುಳಿಗಳು ಇತ್ತೀಚಿನವು. ಕಣ ಆರಿಸುವಾಗ ಈ ಲೇಖಕಿಯರಲ್ಲಿ ಒಬ್ಬರು ಹಲ್ಲನ್ನು ನುಂಗಿದ್ದರಿಂದ ಉಂಟಾದವು.'

'ಲೇಖಕಿಯರಲ್ಲಿ ಒಬ್ಬರು' ಎಂದು ಬರೆದದ್ದು ಮೇಡಂ ಹೇಳಿದ್ದರಿಂದ. ನಾನು 'ಕೆಲಸಗಾರ್ತಿ' ಎಂದು ಬರೆದಿದ್ದೆ.

ಅವರು ನಿಂತೇ ಓದಿದರು. ಕಿಸೆಯಿಂದ ಪೆನ್ನು ತೆಗೆದು 'ದುರದೃಷ್ಟವಶಾತ್' ಎಂಬ ಮೊದಲ ಪದವನ್ನು ಒಂದೇ ಗೆರೆಯಲ್ಲಿ ಹೊಡೆದು ಹಾಕಿ, ಹಾಳೆಯನ್ನು ನನಗೆ ವಾಪಸ್ ಕೊಟ್ಟು, ತಮ್ಮ ಮೇಜಿಗೆ ಹೋಗಿ ಕೂತು, ತಟ್ಟೆಗೆ ಮರಳು ಹರಡತೊಡಗಿದರು.